ಐದು ಪಾಲು ತವರ, ಮೂರು ಪಾಲು ಸೀಸ, ಒಬ್ಬಳು ಮೊಮ್ಮಗಳು

ನನ್ನ ಮೊಮ್ಮಗಳಿಗೆ ತಲೆ ಕೆಟ್ಟಿದೆ. ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅವರ ಬಾಗಿಲಿಗೇ ಹೋಗಿ, ಸೆರಗು ಸಿಕ್ಕಿಸಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಜಗಳ ಮಾಡಿ ಬರುತ್ತಿದ್ದೆ. ಆದರೆ ಹೇಳುತ್ತಿರುವವಳು ನಾನು, ಅವಳ ದಾದಿ, ಅವಳ ಅಪ್ಪನನ್ನು ಹೆತ್ತವಳು. ನನಗೆ ಆ ಹಕ್ಕಿದೆ!

ಅನುಮಾನವಿದ್ದರೆ ನೀವೇ ಹೇಳಿ. ಬಟ್ಟಲಲ್ಲಿ ತುಪ್ಪ ಹೆಪ್ಪುಗಟ್ಟುವುದನ್ನು ಮುಕ್ಕಾಲು ಗಂಟೆ ಗಡಿಯಾರ ಹಿಡಿದು ನೋಡುತ್ತಾ ಕೂರುವ ಹುಡುಗಿಯನ್ನು ಎಲ್ಲಾದರೂ ಕಂಡಿದ್ದೀರಾ? ಮುದ್ದೆ ಮುರಿಯುವ ಮೊದಲು ತಟ್ಟೆಯ ಸಾರಿನಲ್ಲಿ ಬೆರಳಿನಿಂದ ಇಂಗ್ಲಿಷಿನ 'ವಿ' ಅಕ್ಷರ ಬರೆದು, ಅದನ್ನೇ ನೋಡಿ ನಿಟ್ಟುಸಿರು ಬಿಡುವವಳನ್ನು? ಕ್ಯಾಲೆಂಡರಿನ ಮೇಲೆ 'ವಿ', ಹಾಲಿನ ಲೆಕ್ಕದ ಚೀಟಿಯ ಮೇಲೆ 'ವಿ', ಹಿಟ್ಟಿನ ಡಬ್ಬದ ಒಳಗಿನ ಹಿಟ್ಟಿನ ಮೇಲೂ 'ವಿ'! ನನ್ನ ಬಿಪಿ ಮಾತ್ರೆಯ ಚೀಟಿಯನ್ನೂ ಅವಳು ಬಿಟ್ಟಿರಲಿಲ್ಲ. ಮೆಡಿಕಲ್ ಶಾಪಿನವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈ ಗೆರೆ ಹಾಕಿರೋ ಮಾತ್ರೆ ನಮ್ಮತ್ರ ಸ್ಟಾಕ್ ಇಲ್ಲ ಅಜ್ಜಿ, ಚಿತ್ರದುರ್ಗದಾಗೆ ಕೇಳ್ರಿ" ಎಂದು ವಾಪಸ್ ಕೊಟ್ಟ.

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕಕ್ಕೆ ಹೋಗುವಷ್ಟರಲ್ಲಿ ಮನೆಯಲ್ಲಿ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳುವ ನೌಕರಿ ನನಗೆ ಸಿಕ್ಕಿತು. ಹಾಗಾಗಿ ಈ ಬರಹದಲ್ಲಿ ಒತ್ತಕ್ಷರ ತಪ್ಪಿದ್ದರೆ ತಿದ್ದುವ ಕೆಲಸ ಮೊಮ್ಮಗಳದು. ತಿದ್ದುವ ನೆಪದಲ್ಲಿ ತನ್ನ ಬಗ್ಗೆ ಬರೆದದ್ದನ್ನೆಲ್ಲ ಅವಳು ಅಳಿಸಿಬಿಟ್ಟರೆ ಅದಕ್ಕೆ ನಾನು ಜವಾಬ್ದಾರಳಲ್ಲ.

ನಮ್ಮದು ಹೊಳಲ್ಕೆರೆ. ನನ್ನ ಯಜಮಾನರು ಕಲಾಯಿ ಕೆಲಸದವರು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಸವರಿ ಬೆಳ್ಳಿಯಂತೆ ಮಾಡಿಕೊಡುವುದು, ಸೋರುವ ಕೊಡ, ಬಕೆಟ್ಟುಗಳಿಗೆ ಬೆಸುಗೆ ಹಾಕುವುದು, ಇದು ಅವರ ಕಸುಬು. ತಾಳ್ಯದ ಕಡೆ, ಭೀಮಸಮುದ್ರದ ಕಡೆ ಊರೂರು ತಿರುಗುತ್ತಿದ್ದರು. ಹಿಂದೆ ತಿದಿ ಒತ್ತುವುದಕ್ಕೆ ನಾನು. ಮೂವತ್ತು ವರ್ಷ ಅವರ ಬೆಂಕಿಗೆ ಗಾಳಿ ಹಾಕಿದ್ದೇನೆ. ಅವರ ಕೋಪಕ್ಕೂ ಹಾಕಿದ್ದೇನೆ, ಸುಳ್ಳು ಯಾಕೆ? ನಮ್ಮ ಮಗ ದೊಡ್ಡವನಾಗಿ ಏನು ಮಾಡಿದ ಗೊತ್ತೇ? ಬಸ್ ಸ್ಟ್ಯಾಂಡಿನ ಹತ್ತಿರ ಸ್ಟೀಲ್ ಪಾತ್ರೆ ಅಂಗಡಿ ಇಟ್ಟ! ಕಲಾಯಿಯ ಕಸುಬನ್ನು ಹಾಳು ಮಾಡಿದ್ದು ಕಾಲ ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಆ ಕಾಲ ದಿನಾ ಎರಡು ಹೊತ್ತು ನನ್ನ ಕೈಯಿಂದಲೇ ಬಡಿಸಿಕೊಂಡು ಉಣ್ಣುತ್ತಿತ್ತು.

ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಮಗನ ಮಗಳು ಈಗ ಚಿತ್ರದುರ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಇಂಜಿನಿಯರಿಂಗ್ ಓದುತ್ತಾಳೆ. ಅದರಲ್ಲೂ ಮೆಕ್ಯಾನಿಕಲ್! "ಹುಡುಗೀರೆಲ್ಲ ಕಂಪ್ಯೂಟರ್ ತಗಂತಾರೆ, ನೀನ್ಯಾಕೆ ಕಬ್ಬಿಣ ತಗಂಡೆ?" ಎಂದು ಕೇಳಿದ್ದಕ್ಕೆ, "ದಾದಾ ತವರ ತಗಂಡಿದ್ರಲ್ಲ, ಅವರನ್ನ ಯಾರಾದ್ರೂ ಕೇಳಿದ್ರಾ?" ಎಂದಳು. ನೋಡಿ, ಬಾಯಿ ಮಾತ್ರ ಥೇಟು ನನ್ನದೇ.

ಮನೆಯಲ್ಲಿ ನಮ್ಮದು ಉರ್ದು. ಆದರೆ ನಗುವುದು, ಜಗಳ ಆಡುವುದು ಕನ್ನಡದಲ್ಲಿ. ಹಾಗಾಗಿ ದಿನದ ಹೆಚ್ಚಿನ ಹೊತ್ತು ಕನ್ನಡವೇ ನಡೆಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಈ ಹುಡುಗಿ ಎಲ್ಲ ಪೇಪರುಗಳಲ್ಲೂ ಮುಂದು. ಹೋದ ಸಲ ಒಂದೇ ಒಂದರಲ್ಲಿ ಬಿದ್ದಳು. ಲೋಹಗಳ ಪೇಪರು ಅದು. ತವರ, ಸೀಸ ಕಾಯಿಸಿ ಬದುಕಿದ ಮನೆಯ ಹುಡುಗಿ ತವರ, ಸೀಸದ ಪ್ರಶ್ನೆಯಲ್ಲೇ ಫೇಲು! ಆ ಪೇಪರು ಈ ಸಲ ಮುಗಿಯದಿದ್ದರೆ ಮುಂದಿನ ವರ್ಷದ ಕ್ಲಾಸಿಗೆ ಸೇರಿಸಿಕೊಳ್ಳುವುದಿಲ್ಲವಂತೆ. ನನ್ನ ಮಗ ಕೂಗಾಡುವವನಲ್ಲ. ಊಟ ಮುಗಿಸಿ, ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದ.

"ಇನ್ನೊಂದ್ಸಲ ನೋಡು ಬೇಟಿ. ಆಗ್ಲಿಲ್ಲ ಅಂದ್ರೆ ಸಾಕು ಬಿಡು, ಅಂಗಡೀಲಿ ಬಂದು ಕುಂತ್ಕ. ಕುಕ್ಕರ್ ಮಾರೋಕೆ ಯಾವ ಪರೀಕ್ಷೆನೂ ಇಲ್ಲ."

ಕೂಗಾಡಿದ್ದರೆ ಅವಳೂ ಕೂಗಾಡುತ್ತಿದ್ದಳು. ಮೆಲ್ಲಗೆ ಹೇಳಿದ್ದಕ್ಕೇ ಹೆದರಿದಳು. ತಲೆ ಕೆಟ್ಟದ್ದು ಅಲ್ಲಿಂದ.

"ಏನ್ ಓದ್ತೀಯೇ ಹೊತ್ತುಹೊತ್ತಿಗೂ?" ಎಂದು ಕೇಳಿದೆ. "ಫೇಸ್ ಡಯಾಗ್ರಾಮ್ ದಾದಿ" ಎಂದಳು. ಇಷ್ಟೇನಾ! ಫೇಸ್ ಅಂದರೆ ಮುಖ ಎಂದು ನನಗೆ ಗೊತ್ತಿಲ್ಲವೇ? ಮನೆಯಲ್ಲಿ ಫೇಸ್ ಪೌಡರ್ ಇದೆ, ಫೇಸ್ ಕ್ರೀಮ್ ಇದೆ. ಡಯಾಗ್ರಾಮ್ ಅಂದರೆ ಚಿತ್ರ ಎನ್ನುವುದು ಮಗ ಹೈಸ್ಕೂಲಿನಲ್ಲಿ ಕಪ್ಪೆಯ ಹೊಟ್ಟೆ ಬರೆಯುತ್ತಿದ್ದಾಗಲೇ ಗೊತ್ತಾಗಿತ್ತು. ಎದುರುಮನೆಯ ಗೌರಮ್ಮ ವಿಚಾರಿಸಿದಾಗ ಹೆಮ್ಮೆಯಿಂದ ಹೇಳಿದೆ: "ಮುಖದ ಚಿತ್ರ ಬರಿಯೋದು ಕಲೀತೈತೆ ನಮ್ ಹುಡ್ಗಿ."

ಭಾನುವಾರ ಬೆಳಿಗ್ಗೆ ಗೌರಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಓಲೆ ತೊಟ್ಟು ಬಂದು ನಮ್ಮ ಪಡಸಾಲೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಬೂಬಮ್ಮ, ಕರೀರಿ ಹುಡುಗೀನ. ನನ್ನದೊಂದು ಬರೀಲಿ. ಇರೋದೊಂದು ಫೋಟೋದಾಗೆ ಕಣ್ ಮುಚ್ಕಂಡಿದೀನಿ."

ಮೊಮ್ಮಗಳಿಗೆ ಇದ್ಯಾವುದೂ ತಿಳಿಯದು. ಲೋಹ ಯಾವ ಬಿಸಿಗೆ ಕರಗುತ್ತದೆ ಎನ್ನುವ ತನ್ನ ಪಾಠವನ್ನು ಕೇಳಲು ಒಂದು ಜೀವ ತಾನಾಗಿಯೇ ಬಂದಿದೆ ಎನ್ನುವ ಖುಷಿಯಲ್ಲಿ ಕಾಲು ಗಂಟೆ ಗೆರೆ ಎಳೆದಳು. ಗೌರಮ್ಮ ರೆಪ್ಪೆ ಅಲುಗಿಸಲಿಲ್ಲ. ಕೊನೆಗೆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಲ್ಲವ್ವಾ, ನನ್ ಮೂಗು ಚೂಪು ಅಂತ ನಂಗೂ ಗೊತ್ತೈತೆ. ಆದ್ರೆ ಹಿಂಗೆ ನೆಲಕ್ಕೆ ಚುಚ್ಚೋ ಹಂಗೈತಾ?"

"ಅದು ಮೂಗಲ್ಲ ಗೌರತ್ತೆ, ಯೂಟೆಕ್ಟಿಕ್ ಪಾಯಿಂಟು!"

"ಪಕ್ಕದಾಗಿರೋವು ಕಿವಿ ತಾನೆ?"

"ಇದು ಆಲ್ಫಾ, ಅದು ಬೀಟಾ."

"ಕಿವಿಗೂ ಹೆಸರಿಟ್ಟೈತಲ್ಲ ಈ ಹುಡ್ಗಿ! ಇರ್ಲಿ, ಓಲೆನಾದ್ರೂ ಬರಿ. ತೊಳ್ಕಂಡ್ ಹಾಕ್ಕಂಡ್ ಬಂದಿದೀನಿ!"

ಇವಳು ಬರೆದುಕೊಟ್ಟಳು. ಆಲ್ಫಾಕ್ಕೆ ಒಂದು ಓಲೆ, ಬೀಟಾಕ್ಕೆ ಒಂದು ಓಲೆ. ಆ ಹಾಳೆ ಈಗಲೂ ಗೌರಮ್ಮನ ಮನೆಯ ಫ್ರಿಜ್ಜಿನ ಮೇಲಿದೆ.

ಆ ಯೂಟೆಕ್ಟಿಕ್ಕು ನನ್ನನ್ನೂ ಬಿಡಲಿಲ್ಲ. ಒಂದು ದಿನ ಇವಳು ಗೆಳತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಊಟ ಟಿಕೆಟ್ಟು ನೂರ ಎಂಬತ್ಮೂರು ಕಣೇ." ನನಗೆ ಎಲ್ಲಿಲ್ಲದ ಸಿಟ್ಟು! ಬೆಳಿಗ್ಗೆ ಎದ್ದು ಚಪಾತಿ ಲಟ್ಟಿಸಿ, ಪಲ್ಯ ಮಾಡಿ, ಡಬ್ಬಿ ಕಟ್ಟಿಕೊಡುವವಳು ನಾನು. ಇವಳು ಕಾಲೇಜಿನಲ್ಲಿ ಟಿಕೆಟ್ಟು ತೆಗೆದು ಊಟ ಮಾಡುತ್ತಾಳೆಯೇ? ಅವಳಪ್ಪ ಬರುವುದನ್ನೇ ಕಾದು ದೂರು ಕೊಟ್ಟೆ. ಅವನು ಚಪ್ಪಲಿ ಬಿಡುತ್ತಾ ಗಂಭೀರವಾಗಿ ಕೇಳಿದ: "ನೂರ ಎಂಬತ್ಮೂರಕ್ಕೆ ಮಟನ್ನೋ, ಚಿಕನ್ನೋ?"

ಅವಳು ಹಣೆ ಚಚ್ಚಿಕೊಂಡಳು. "ಊಟ ಟಿಕೆಟ್ಟಲ್ಲ ದಾದಿ, ಯೂಟೆಕ್ಟಿಕ್! ರೂಪಾಯಿ ಅಲ್ಲ, ಡಿಗ್ರಿ! ಎರಡು ಲೋಹ ಸೇರಿಸಿದಾಗ ಎಲ್ಲಕ್ಕಿಂತ ಬೇಗ ಕರಗೋ ಜಾಗ." ಸರಿ, ಹಾಗಂತ ಮೊದಲೇ ಹೇಳಬಾರದಿತ್ತೇ? ಅವತ್ತಿನಿಂದ ನಾನು ಆ ಜಾಗಕ್ಕೆ ಊಟ ಟಿಕೆಟ್ಟು ಎಂದೇ ಹೇಳುವುದು. ಪರೀಕ್ಷೆ ನನಗಲ್ಲವಲ್ಲ!

ಮುಂದಿನ ವಾರ ಅಡಿಗೆಮನೆಗೆ ಗಂಡಾಂತರ ಬಂತು. ಬಾಗಿಲು ತೆಗೆದರೆ ಕಟ್ಟೆಯ ಮೇಲೆ ಒಂಬತ್ತು ಬಟ್ಟಲು. ಒಂದರಲ್ಲಿ ಬರೀ ತುಪ್ಪ, ಕೊನೆಯದರಲ್ಲಿ ಬರೀ ಕೊಬ್ಬರಿ ಎಣ್ಣೆ, ನಡುವೆ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಏಳು. ಯಾವುದು ಮೊದಲು ಗಟ್ಟಿಯಾಗುತ್ತದೆ ಎಂದು ನೋಡಲು ಒಂದೊಂದಾಗಿ ಫ್ರಿಜ್ಜಿಗೆ ಇಟ್ಟು ಗಡಿಯಾರ ಹಿಡಿದು ಕೂತಿದ್ದಾಳೆ! ಹಬ್ಬಕ್ಕೆಂದು ಎತ್ತಿಟ್ಟಿದ್ದ ತುಪ್ಪ ಪೂರ್ತಿ ಖಾಲಿ. ನಮ್ಮ ಸೊಸೆ ಮಾತಿನವಳಲ್ಲ. ಆ ಒಂಬತ್ತು ಬಟ್ಟಲನ್ನೂ ಒಂದೇ ಬಾಣಲೆಗೆ ಸುರಿದು ಶ್ಯಾವಿಗೆ ಹುರಿದಳು. ಅವತ್ತಿನ ಪಾಯಸದಲ್ಲಿ ತಲೆಗೂದಲ ವಾಸನೆ ಬರುತ್ತಿತ್ತು. ಮಗ ಎರಡು ಚಮಚ ತಿಂದು, "ಯಾರೋ ಎಣ್ಣೆ ಸ್ನಾನ ಮಾಡಿ ಇದರಾಗೆ ಬಿದ್ದವ್ರೆ" ಎಂದು ಲೋಟ ಕೆಳಗಿಟ್ಟ.

ಇನ್ನು ಲಿವರಿನ ಕಥೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆ. ಒಂದು ಸಂಜೆ ಪುಸ್ತಕ ಮುಚ್ಚಿ, ಮುಖ ಸಣ್ಣ ಮಾಡಿಕೊಂಡು ಹೇಳಿದಳು: "ದಾದಿ, ನಂಗೆ ಲಿವರಿಂದೇ ಪ್ರಾಬ್ಲಮ್ಮು. ಹೋದ್ಸಲನೂ ಅದೇ ಕೈ ಕೊಟ್ಟಿದ್ದು."

ಈ ವಯಸ್ಸಿಗೇ ಲಿವರ್? ಅವಳಪ್ಪನಿಗೆ ಹೇಳಿದರೆ ಹೆದರುತ್ತಾನೆ ಎಂದು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಎದ್ದು ಹಿತ್ತಲಲ್ಲಿ ನೆಲನೆಲ್ಲಿ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ, ಲೋಟದ ತುಂಬ ಕೊಟ್ಟೆ. ಅವಳು ಮೂಗು ಹಿಡಿದುಕೊಂಡು ಕುಡಿದಳು. ಒಂದು ದಿನವಲ್ಲ, ಐದು ದಿನ! ಆರನೆಯ ದಿನ ನಾನು ಅವಳ ಕಣ್ಣ ರೆಪ್ಪೆ ಎತ್ತಿ ಹಳದಿ ಇದೆಯೇ ಎಂದು ನೋಡುತ್ತಿದ್ದಾಗ ಗುಟ್ಟು ರಟ್ಟಾಯಿತು. ಅದು ಹೊಟ್ಟೆಯೊಳಗಿನ ಲಿವರ್ ಅಲ್ಲ, ಲಿವರ್ ರೂಲ್. ಅರ್ಧ ಕರಗಿದ ಬೆರಕೆಯಲ್ಲಿ ಗಟ್ಟಿ ಎಷ್ಟು, ನೀರು ಎಷ್ಟು ಎಂದು ಗೆರೆಯ ಮೇಲೆ ಅಳೆಯುವ ಲೆಕ್ಕ.

"ಮತ್ತೆ ಐದು ದಿನ ಆ ಕಹೀನ ಯಾಕೆ ಕುಡಿದ್ಯೇ?"

"ನೀನು ನೆನಪಿನ ಶಕ್ತಿಗೆ ಕೊಡ್ತಿದೀಯ ಅನ್ಕಂಡೆ ದಾದಿ!"

ನೋಡಿ, ಹುಚ್ಚು ನಮ್ಮ ಮನೆಯಲ್ಲಿ ಒಬ್ಬರಿಗೇ ಅಲ್ಲ.

ಇಷ್ಟೆಲ್ಲ ಆದರೂ ಪರೀಕ್ಷೆಗೆ ಹತ್ತು ದಿನ ಇದೆ ಎನ್ನುವಾಗ ಹುಡುಗಿ ಪುಸ್ತಕವನ್ನು ಮಂಚದ ಕೆಳಗೆ ಎಸೆದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ನಂಗೆ ಅರ್ಥನೇ ಆಗಲ್ಲ ದಾದಿ. ಬಾಯಿಪಾಠ ಮಾಡಿದ್ದೆ, ಪ್ರಶ್ನೆ ತಿರುಗ್ಸಿ ಕೇಳಿದ್ರು, ಬಿದ್ದೆ. ತವರ ಕರಗೋದು ಇನ್ನೂರ ಮೂವತ್ತೆರಡಕ್ಕೆ. ಸೀಸ ಮುನ್ನೂರು ದಾಟ್ಬೇಕು. ಎರಡೂ ಸೇರ್ಸಿದ್ರೆ ನಡುವೆ ಎಲ್ಲಾದ್ರೂ ಕರಗ್ಬೇಕು ತಾನೆ? ಅದು ಹೆಂಗೆ ಎರಡಕ್ಕಿಂತ್ಲೂ ಕೆಳಗೆ ಹೋಗ್ತೈತೆ? ಸುಳ್ಳು ಅನ್ಸುತ್ತೆ!"

ನನಗೆ ನಗು ಬಂತು. "ಲೇ ಹುಚ್ಚಿ, ಇದು ಐದಕ್ಕೆ ಮೂರು ಅಲ್ವೇನೇ?"

ಅವಳು ಗೋಡೆಯಿಂದ ಈ ಕಡೆ ತಿರುಗಿದಳು. "ಏನು ಐದಕ್ಕೆ ಮೂರು?"

"ಐದು ಪಾಲು ತವರ, ಮೂರು ಪಾಲು ಸೀಸ. ನಿಮ್ ದಾದಾನ ಬೆಸುಗೆ. ಅದು ಇದ್ದಿಲು ಕೆಂಪಾಗೋಕೆ ಮುಂಚೆನೇ ನೀರಾಗ್ತಿತ್ತು. ಬರೀ ತವರ ಹಂಗಾಗಲ್ಲ, ಬರೀ ಸೀಸ ಮೊದ್ಲೇ ಆಗಲ್ಲ."

ಹುಡುಗಿ ಎದ್ದು ಕೂತು ಮೊಬೈಲಿನಲ್ಲಿ ಏನೋ ಲೆಕ್ಕ ಮಾಡಿದಳು. ನನ್ನ ಮುಖ ನೋಡಿದಳು. ಮತ್ತೆ ಲೆಕ್ಕ ಮಾಡಿದಳು. "ದಾದಿ, ಅದು ಅರವತ್ತೆರಡೂವರೆ ಪರ್ಸೆಂಟು! ಪುಸ್ತಕದಾಗೆ ಇರೋದು ಅರವತ್ತೆರಡರ ಹತ್ರ! ದಾದಾಗೆ ಯಾರು ಹೇಳಿದ್ರು?"

ಯಾರು ಹೇಳುತ್ತಾರೆ? ಅವರ ಅಪ್ಪ ಹೇಳಿದ್ದರು. ಅವರಿಗೆ ಅವರ ಅಪ್ಪ. ಮೊದಲನೆಯವರಿಗೆ ಬೆಂಕಿ ಹೇಳಿರಬೇಕು.

ಮಾರನೆಯ ದಿನ ಅಟ್ಟದಿಂದ ಯಜಮಾನರ ಪೆಟ್ಟಿಗೆ ಇಳಿಯಿತು. ಕಬ್ಬಿಣದ ಸೌಟು, ಸೀಸದ ತುಂಡುಗಳು, ತವರದ ಕಡ್ಡಿಗಳು, ಹಳೆಯ ತಕ್ಕಡಿ. ತಿದಿಯನ್ನು ಇಲಿ ತಿಂದಿತ್ತು. ಅದರ ಬದಲಿಗೆ ಸೊಸೆಯ ಕೂದಲು ಒಣಗಿಸುವ ಮೆಷಿನ್ನು ಬಂತು, ಸೊಸೆಗೆ ಹೇಳದೆ. ಸೀಸ ವಿಷ ಎಂದು ಇವಳು ನನ್ನ ಮೂಗಿಗೆ ಮಾಸ್ಕು ಕಟ್ಟಿ, ಕೈಗೆ ಗ್ಲೌಸು ಹಾಕಿದಳು. ಗೌರಮ್ಮ ಎದುರಿನ ಕಿಟಕಿಯಿಂದ ನಮ್ಮ ಅಂಗಳಕ್ಕೆ ಇಣುಕಿ ನೋಡಿ, "ಬೂಬಮ್ಮ, ಮತ್ತೆ ಕೊರೋನಾ ಬಂತೇನ್ರೀ?" ಎಂದು ಕಿಟಕಿ ಮುಚ್ಚಿಕೊಂಡಳು.

ವಿಷದ ವಿಚಾರ ನಮಗೇನೂ ಹೊಸದಲ್ಲ. ಕಲಾಯಿಗೆ ಬರೀ ತವರ, ಬೆರಕೆ ಏನಿದ್ದರೂ ಬಕೆಟ್ಟಿಗೆ. ಉಣ್ಣುವ ಪಾತ್ರೆಗೆ ಒಂದು ಚೂರು ಸೀಸ ಮುಟ್ಟಿಸಿದರೂ ಯಜಮಾನರು ಪಾತ್ರೆಯನ್ನೇ ಎಸೆದುಬಿಡುತ್ತಿದ್ದರು.

ಇಂಜಿನಿಯರಮ್ಮ ಮೊದಲು ತಾನೇ ಬೆರೆಸುತ್ತೇನೆ ಎಂದಳು. ಚಾಕುವಿನಲ್ಲಿ ಒಂದೇ ಅಳತೆಗೆ ಕತ್ತರಿಸಿ, ಐದು ತುಂಡು ತವರ, ಮೂರು ತುಂಡು ಸೀಸ ಎಣಿಸಿ ಸೌಟಿಗೆ ಹಾಕಿದಳು. ಕರಗಿತು. ಇಳಿಸಿದ ಮೇಲೆ ಗಟ್ಟಿಯಾಗಲು ಒಲ್ಲದೆ ಅಂಬಲಿಯ ಹಾಗೆ ಕದಡಿಕೊಂಡು ಕೂತಿತು. ಅವಳ ಮುಖವೂ ಹಾಗೇ ಆಯಿತು. ನಾನು ಮಾಸ್ಕಿನೊಳಗೇ ನಕ್ಕೆ. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ತಪ್ಪೇ ಅದು! ಅವತ್ತು ತಾಳ್ಯದ ಬಾವಿಕಟ್ಟೆಯ ಹತ್ತಿರ, ನೆರೆದ ಹೆಂಗಸರೆಲ್ಲರ ಮುಂದೆ, ಯಜಮಾನರು ನನ್ನನ್ನು ಬೈದ ಮಾತನ್ನೇ ನಾನು ಇವಳಿಗೆ ಹೇಳಿದೆ, ಐವತ್ತು ವರ್ಷ ಜೋಪಾನ ಮಾಡಿಟ್ಟಿದ್ದ ಮಾತು: "ಎಣಿಸೋಕೆ ಇದೇನು ಬೋಂಡಾನಾ? ತೂಕ ಹಾಕು!"

ತಕ್ಕಡಿಯಲ್ಲಿ ತೂಗಿ ಹಾಕಿದೆವು. ಐದು ತೂಕ ತವರ, ಮೂರು ತೂಕ ಸೀಸ. ಟೀವಿ ರಿಪೇರಿಯವನ ಹತ್ತಿರ ಇವಳು ಕೇಳಿ ತಂದಿದ್ದ, ಬಿಸಿ ಅಳೆಯುವ, ತಂತಿಯ ಬಾಲವಿರುವ ಮೀಟರನ್ನು ಅದರಲ್ಲಿ ಅದ್ದಿದಳು. ನಾನು ಮೀಟರು ನೋಡಲಿಲ್ಲ, ಸೌಟು ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೊಳೆಯುತ್ತಲೇ ಇತ್ತು. ಆಮೇಲೆ ಯಾರೋ ಉಸಿರು ಬಿಟ್ಟ ಹಾಗೆ ಒಮ್ಮೆಲೇ ಮಂಕಾಗಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಲ್ಲು!

"ನೂರ ಎಂಬತ್ಮೂರು!" ಎಂದು ಹುಡುಗಿ ಕಿರುಚಿದಳು. "ದಾದಿ, ನೂರ ಎಂಬತ್ಮೂರರ ಹತ್ರ ನಿಂತೇ ಬಿಡ್ತು!"

"ಊಟ ಟಿಕೆಟ್ಟು!" ಎಂದು ನಾನೂ ಕಿರುಚಿದೆ.

ಯಜಮಾನರು ಇದನ್ನು ಅವಸರದ ಬೆರಕೆ ಎನ್ನುತ್ತಿದ್ದರು. ಬಕೆಟ್ಟಿನ ತಳಕ್ಕೆ ಇದೇ ಬೇಕು, ಹಚ್ಚಿದ ಕೂಡಲೇ ಹಿಡಿದುಕೊಳ್ಳಬೇಕಲ್ಲ. ಸೀಸ ಹೆಚ್ಚು ಹಾಕಿದ್ದು ಸೋಮಾರಿ ಬೆರಕೆ. ಅದು ಬಹಳ ಹೊತ್ತು ಮೆತ್ತಗಿರುತ್ತದೆ, ನಲ್ಲಿ ಪೈಪಿನ ಸಂದಿಗೆ ಬಟ್ಟೆಯಲ್ಲಿ ಒತ್ತಿ ಒತ್ತಿ ಸವರಲು ಅನುಕೂಲ. ಅವಳು ತನ್ನ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಳು. 'ವಿ'ಯ ತುದಿ ಅವಸರದ್ದು, ಪಕ್ಕದ ಹೊಟ್ಟೆಯೆಲ್ಲ ಸೋಮಾರಿಯದು. ಅಷ್ಟು ದಿನ ಗೋಡೆಯ ಮೇಲೆ, ಹಿಟ್ಟಿನ ಮೇಲೆ, ಸಾರಿನ ಮೇಲೆ ನಾನು ನೋಡುತ್ತಿದ್ದದ್ದು ನನ್ನ ಗಂಡನ ಸೌಟಿನ ಚಿತ್ರವೇ ಎಂದು ನನಗೆ ಆಗಲೇ ತಿಳಿದದ್ದು.

"ಆದ್ರೆ ಯಾಕೆ ದಾದಿ? ಎರಡೂ ಸೇರಿದ್ರೆ ಯಾಕೆ ಬೇಗ ಕರಗೋದು?"

ನನಗೇನು ಗೊತ್ತು? ನನಗೆ ತಿಳಿದಷ್ಟು ಹೇಳಿದೆ. "ಹೊರಗಿಂದ ದೊಡ್ಡವರು ಬಂದಾಗ ಬರೀ ಉರ್ದು ಮಾತಾಡ್ಬೇಕು ಅಂದ್ರೆ ನನ್ ನಾಲಿಗೆ ಗಟ್ಟಿ ಆಗ್ತೈತೆ. ಆಫೀಸ್ನಾಗೆ ಬರೀ ಪುಸ್ತಕದ ಕನ್ನಡ ಅಂದ್ರೂ ಅಷ್ಟೇ. ನಿನ್ ಜೊತೆ ಎರಡೂ ಕಲಸಿ ಆಡ್ದಾಗ ಹೆಂಗೆ ಹರಿತೈತೆ ನೋಡು! ಒಂದೇ ಜಾತಿಯೋರು ಸಾಲಾಗಿ ಒತ್ತಿ ಕುಂತ್ರೆ ಎಬ್ಸೋದು ಕಷ್ಟ. ನಡುವೆ ಬೇರೆಯೋರು ಬಂದು ಕುಂತ್ರೆ ಸಾಲು ಸಡ್ಲ ಆಗ್ತೈತೆ, ಬೇಗ ಏಳ್ತಾರೆ."

ನಮ್ಮ ಕಡೆ ಬೆರಕೆ ಎಂದರೆ ಬೈಗುಳ. ಹುಡುಗಿ ಆ ಪದವನ್ನು ನೋಟ್ ಬುಕ್ಕಿನಲ್ಲಿ ದೊಡ್ಡದಾಗಿ ಬರೆದು, ಕೆಳಗೆ ಎರಡು ಗೆರೆ ಎಳೆದಳು. "ನಮ್ ಲೆಕ್ಚರರ್ ಇದನ್ನೇ ಇಂಗ್ಲಿಷಲ್ಲಿ ಒಂದು ಗಂಟೆ ಹೇಳಿದ್ರು ದಾದಿ" ಎಂದಳು. ಲಿವರ್ ರೂಲಿಗೆ ಯಜಮಾನರ ಅಡ್ಡೆ ಸಾಕಾಯಿತು. ಸೈಕಲ್ಲು ಕೊಳ್ಳುವ ಮೊದಲು ಅವರು ಹೆಗಲ ಮೇಲೆ ಅಡ್ಡೆ ಹೊತ್ತು ನಡೆಯುತ್ತಿದ್ದರು, ಒಂದು ತುದಿಗೆ ತಿದಿ, ಇನ್ನೊಂದಕ್ಕೆ ಪಾತ್ರೆ. "ಯಾವ ಕಡೆ ಭಾರ ಜಾಸ್ತಿನೋ ಹೆಗಲು ಆ ಕಡೆಗೆ ಹತ್ರ" ಎಂದೆ. "ಅಷ್ಟೇನಾ!" ಎಂದಳು. ಅಷ್ಟೇ. ಐದು ದಿನ ನೆಲನೆಲ್ಲಿ ಕುಡಿದದ್ದು ದಂಡ.

ಪೆಟ್ಟಿಗೆಯ ತಳದಲ್ಲಿ ಕಿರುಬೆರಳು ದಪ್ಪದ ಒಂದು ತವರದ ಕಡ್ಡಿ ಉಳಿದಿತ್ತು. ಅದನ್ನೂ ಸೌಟಿಗೆ ಹಾಕಲು ಹೊರಟವಳ ಕೈ ಹಿಡಿದೆ. "ಇದನ್ನ ಕಿವಿ ಹತ್ರ ಇಟ್ಕಂಡು ಬಗ್ಸು" ಎಂದೆ. ಬಗ್ಗಿಸಿದಳು. ಕಿರ್ರ್ ಎಂದಿತು. ಹುಡುಗಿ ಬೆಚ್ಚಿದಳು.

"ತವರ ಅಳ್ತೈತೆ," ಎಂದೆ. "ಶುದ್ಧ ತವರ ಬಗ್ಸಿದ್ರೆ ಅಳ್ತೈತೆ. ಸೀಸ ಬೆರ್ಸಿದ್ರೆ ಅಳಲ್ಲ. ಅಂಗಡಿಯೋರು ಮೋಸ ಮಾಡವ್ರಾ ಇಲ್ವಾ ಅಂತ ನಿಮ್ ದಾದಾ ಹಿಂಗೇ ನೋಡ್ತಿದ್ದಿದ್ದು."

ಹೇಳದ ಮಾತೊಂದಿತ್ತು, ಅದನ್ನೂ ಹೇಳಿದೆ. ಜೀವಮಾನವೆಲ್ಲ ಪಾತ್ರೆ ಬಡಿದು ಬಡಿದು ಯಜಮಾನರಿಗೆ ಕಿವಿ ಮಂದವಾಗಿತ್ತು. ಕೊನೆಕೊನೆಗೆ ತವರ ಅಳುವುದು ಅವರಿಗೆ ಕೇಳುತ್ತಲೇ ಇರಲಿಲ್ಲ. ಅಂಗಡಿಯವನ ಮುಂದೆ ಗತ್ತಿನಿಂದ ಕಡ್ಡಿ ಬಗ್ಗಿಸಿ, ಕೇಳಿದವರ ಹಾಗೆ ತಲೆ ಆಡಿಸಿ, ಓರೆಗಣ್ಣಿನಲ್ಲಿ ನನ್ನ ಕಡೆ ನೋಡುತ್ತಿದ್ದರು. ನಾನು ಸೆರಗು ಸರಿ ಮಾಡಿಕೊಂಡರೆ ಅತ್ತಿದೆ ಎಂದು ಅರ್ಥ. ಮಾಡಿಕೊಳ್ಳದಿದ್ದರೆ, "ಇದು ಬೆರಕೆ ಕಣಪ್ಪ, ಬೇರೆ ಕೊಡು" ಎನ್ನುತ್ತಿದ್ದರು.

ಹುಡುಗಿ ಕಡ್ಡಿಯನ್ನು ಜ್ಯಾಮಿಟ್ರಿ ಬಾಕ್ಸಿಗೆ ಹಾಕಿಕೊಂಡಳು.

ಪರೀಕ್ಷೆಯ ದಿನ ಅದು ಅವಳನ್ನು ಸಿಕ್ಕಿಸಿಹಾಕುವುದರಲ್ಲಿತ್ತು. ಪರೀಕ್ಷೆಯ ಕೊಠಡಿಯಲ್ಲಿ ತಪಾಸಣೆಗೆ ಬಂದ ಮೇಷ್ಟರು ಬಾಕ್ಸು ತೆಗೆಸಿ, ಕಡ್ಡಿಯನ್ನು ಎತ್ತಿ ಹಿಡಿದು ಕೇಳಿದರಂತೆ: "ಏನಮ್ಮ ಇದು? ಒಳಗೆ ಚೀಟಿ ಐತಾ?" ಇವಳು ಉತ್ತರ ಕೊಡುವ ಮೊದಲೇ ಅವರು ಅದನ್ನು ಮುರಿಯಲು ನೋಡಿದರು. ಕಿರ್ರ್! ಮೇಷ್ಟರು ಹಾವು ಹಿಡಿದವರ ಹಾಗೆ ಕಡ್ಡಿಯನ್ನು ಕೈಬಿಟ್ಟರಂತೆ. "ಇದಕ್ಕೆ ಜೀವ ಐತೇನಮ್ಮಾ?" "ಇಲ್ಲ ಸರ್, ಶುದ್ಧ ತವರ. ಬೆರಕೆ ಆಗಿದ್ರೆ ಸುಮ್ನಿರ್ತಿತ್ತು" ಎಂದಳಂತೆ ನಮ್ಮವಳು. ಮೇಷ್ಟರು ಕಡ್ಡಿಯನ್ನು ವಾಪಸ್ ಇಟ್ಟು, ಉಳಿದ ಹೊತ್ತೆಲ್ಲ ದೂರದಿಂದಲೇ ಅದನ್ನು ಕಾಯುತ್ತಿದ್ದರಂತೆ.

ರಿಸಲ್ಟು ಬರುವ ದಿನ ಇವಳು ಮನೆಯಲ್ಲಿ ಇರಲು ಒಪ್ಪಲಿಲ್ಲ. ಕಾಲೇಜಿನಲ್ಲೇ ನೋಡುತ್ತೇನೆ ಎಂದು ಬಸ್ಸು ಹತ್ತಿದಳು. ಹೊರಡುವಾಗ ನನ್ನ ಕಿವಿಯಲ್ಲಿ ಹೇಳಿದಳು: "ಪಾಸಾದ್ರೆ ಫೋನಿನಾಗೆ ತವರ ಅಳ್ತೈತೆ. ಫೇಲಾದ್ರೆ ನಾನು ಅಳ್ತೀನಿ. ಎರಡ್ರಾಗೆ ಯಾವ್ದು ಅಂತ ನೀನೇ ಕಂಡುಹಿಡೀಬೇಕು."

ಅವತ್ತು ಮಗ ಅಂಗಡಿಗೆ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ, "ಇವತ್ತು ಕುಕ್ಕರ್ ಯಾರೂ ತಗಳಲ್ಲ" ಎಂದ. ಆಮೇಲೆ ಗೇಟಿನವರೆಗೆ ಹೋಗುವುದು, ಬರುವುದು. ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ಅವನ ಮುಖ ನೋಡಿದಾಗ ನನಗೆ ಒಂದು ಗೊತ್ತಾಯಿತು. ಮಗಳು ಫೇಲಾದರೆ ಅಂಗಡಿಯಲ್ಲಿ ಕೂರಿಸುತ್ತೇನೆ ಎಂದವನಿಗೇ ಅವಳು ಅಲ್ಲಿ ಕೂರುವುದು ಬೇಕಿರಲಿಲ್ಲ.

ಮಧ್ಯಾಹ್ನ ಫೋನು ಬಂತು. ನಾನು ಕಿವಿಗೆ ಒತ್ತಿಕೊಂಡೆ. ಹಲೋ ಇಲ್ಲ, ದಾದಿ ಇಲ್ಲ. ಬಸ್ಸಿನ ಹಾರನ್ನು, ಹುಡುಗರ ಗಲಾಟೆ, ಯಾರದೋ ಉಸಿರು. ಉಸಿರು ಭಾರವಾಗಿತ್ತು. ಹೋಯಿತು, ಇದು ಅವಳ ಅಳುವೇ ಎಂದುಕೊಂಡೆ.

ಆಮೇಲೆ, ಬಹಳ ಸಣ್ಣಗೆ, ಕಿರ್ರ್.

ಮಗ ಎದುರಿಗೆ ನಿಂತು, "ಏನಂತಮ್ಮ? ಏನಾಯ್ತು? ಯಾಕೆ ಅಳ್ತೀಯ?" ಎಂದು ನನ್ನ ಭುಜ ಅಲುಗಿಸುತ್ತಿದ್ದ. ನಾನು ಸೆರಗು ಸರಿ ಮಾಡಿಕೊಂಡೆ. ಅಪ್ಪನ ಪಕ್ಕ ಕೂತು ಎಷ್ಟೋ ಸಲ ಅದನ್ನು ನೋಡಿದ್ದ ಮಗ, ತವರ ಅತ್ತಿದೆ ಎಂದು ತಿಳಿದು, ನಗುತ್ತಾ ಅಲ್ಲೇ ನೆಲದ ಮೇಲೆ ಕೂತ.

ಫೋನಿನಲ್ಲಿ ಹುಡುಗಿ ಕೂಗುತ್ತಿದ್ದಳು. "ದಾದಿ! ಕೇಳಿಸ್ತಾ? ದಾದಿ!"

"ಕೇಳಿಸ್ತು ಬೇಟಿ," ಎಂದೆ. "ಇನ್ನೊಂದ್ಸಲ ಬಗ್ಸು."

"ಯಾಕೆ? ನಂಬಿಕೆ ಇಲ್ವಾ?"

"ಐತೆ. ಆದ್ರೂ ಇನ್ನೊಂದ್ಸಲ, ಸ್ವಲ್ಪ ಜೋರಾಗಿ ಬಗ್ಸು. ನಿಮ್ ದಾದಾಗೆ ಕಿವಿ ಮಂದ."